ಮಡಚುಗಾಲು

ಆರು ಕಾಲುಚೀಲ ಬಿಚ್ಚುವವರೆಗೆ ಏನೂ ತೊಂದರೆಯಾಗಲಿಲ್ಲ. ಏಳನೆಯದು ಚರ್ಮಕ್ಕೆ ಅಂಟಿಕೊಂಡಿತ್ತು. ಕಾಲಕ್ಕ ಬೆಚ್ಚಗಿನ ನೀರು ಹನಿಸಿ ಹನಿಸಿ ಅದನ್ನು ಬಿಡಿಸಿದಳು. ಚೀಲದ ಜೊತೆ ಒಂದಿಷ್ಟು ಚರ್ಮವೂ ಬಂತು.

"ಉಸಿರು ಬಿಡೇ. ಹಲ್ಲು ಕಚ್ಕೊಂಡು ಸಾಯ್ಬೇಡ."

"ಬಿಟ್ರೆ ಕೂಗ್ತೀನಿ ಅಕ್ಕ. ನಾನು ಕೂಗಿದ್ರೆ ಅತ್ತೆ ಅಳ್ತಾರೆ," ಎಂದಳು ಬಾಟಲಿಯವಳು.

"ನಾನ್ಯಾಕೆ ಅಳ್ಲಿ?" ಬಾಗಿಲ ಪಕ್ಕದ ಬೆಂಚಿನಿಂದ ಅವಳ ಅತ್ತೆ ಗದರಿದಳು. "ನೀನು ಸೊಸೆಯಾಗಿ ಬಂದ ದಿನಾನೇ ಅಳೋದೆಲ್ಲ ಅತ್ತು ಮುಗಿಸಿದೀನಿ." ಹಾಗೆ ಹೇಳಿ ಮುಖ ಆಚೆ ತಿರುಗಿಸಿ ಅಂಗೈಯಿಂದ ಕಣ್ಣೊರೆಸಿಕೊಂಡಳು.

ಕಾಲಕ್ಕ ಎಂದರೆ ಕಾಲು ಮಾಡುವ ಅಕ್ಕ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಟೈರಿನ ಅಂಗಡಿಗೂ ಬೀಗದ ಅಂಗಡಿಗೂ ನಡುವೆ, ಕೃತಕ ಕೈಕಾಲಿನ ವರ್ಕ್‌ಶಾಪಿನಲ್ಲಿ ಅವಳದು ಇಪ್ಪತ್ತೊಂಬತ್ತು ವರ್ಷದ ದುಡಿಮೆ. ಅವಳ ಉಗುರಿನ ಸಂದಿಯ ಪ್ಲಾಸ್ಟರ್ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ಅವಳಿಗೂ ಅದು ಬೇಕಿರಲಿಲ್ಲ.

ಬಾಟಲಿಯವಳು ಬಾಟಲಿ ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಪಕ್ಕ ನಿಂತು ಒಡಕು ಬಾಟಲಿ ಹೆಕ್ಕುತ್ತಿದ್ದವಳು. ಎರಡು ವರ್ಷದ ಹಿಂದೆ ಬೆಲ್ಟು ಅವಳ ಕಾಲನ್ನೇ ಹೆಕ್ಕಿಕೊಂಡಿತು. ಅವಳು ಕಿರುಚುತ್ತಿದ್ದರೂ ಮೇಸ್ತ್ರಿ ಮೆಷಿನ್ನು ನಿಲ್ಲಿಸಲಿಲ್ಲ. ತಟ್ಟನೆ ನಿಲ್ಲಿಸಿದರೆ ಬಾಟಲಿ ಬಿದ್ದು ಒಡೆಯುತ್ತವೆ ಎಂದು ಮೊದಲು ಸಾಲು ಖಾಲಿ ಮಾಡಿಸಿದ, ಆಮೇಲೆ ಗುಂಡಿ ಒತ್ತಿದ. ಅಷ್ಟರಲ್ಲಿ ಮಂಡಿಯಿಂದ ಒಂದು ಗೇಣು ಕೆಳಗೆ ಅವಳದೆಂದು ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಬಾಟಲಿ ಮಾತ್ರ ಒಂದೂ ಒಡೆಯಲಿಲ್ಲವಂತೆ.

ಕತ್ತರಿಸಿದ ಕಾಲು ದಿನ ಕಳೆದಂತೆ ಸೊರಗುತ್ತದೆ. ಕೃತಕ ಕಾಲಿನಲ್ಲಿ ಆ ಮೋಟುಗಾಲು ಕೂರುವ ಬಟ್ಟಲು ಸೊರಗುವುದಿಲ್ಲ. ಆಗ ಒರಳಿನಲ್ಲಿ ಒನಕೆ ಕುಟ್ಟಿದಂತೆ ಹೆಜ್ಜೆಹೆಜ್ಜೆಗೂ ಕಾಲು ಒಳಗೆ ಕುಟ್ಟುತ್ತದೆ. ಬಟ್ಟಲು ಬದಲಿಸಬೇಕು, ಬೇರೆ ದಾರಿಯಿಲ್ಲ. ಆದರೆ ದುಡ್ಡು ಕೊಡುವುದು ವಿಮಾ ಕಂಪನಿ. ಅದರ ನಿಯಮದಲ್ಲಿ ಮೂರು ವರ್ಷಕ್ಕೊಂದೇ ಬಟ್ಟಲು. ಅದಕ್ಕೆ ಮೊದಲು ಸಡಿಲವಾದರೆ ಕಾಲುಚೀಲ ಹಾಕಿಕೊಳ್ಳಬೇಕು. ಎರಡು, ಮೂರು, ಏಳು. ತೀರಾ ಬೇಕೆಂದರೆ ಕಂಪನಿಯ ಸಾಹೇಬ ಬಂದು, ನಡೆಸಿ ನೋಡಿ, ಬರೆದುಕೊಡಬೇಕು.

ಡಾಕ್ಟರು ಹೋದ ವಾರ ಖಡಾಖಂಡಿತವಾಗಿ ಹೇಳಿದ್ದರು. ಬಟ್ಟಲು ಬದಲಾದರೆ ಮಂಡಿ ಉಳಿಯುತ್ತದೆ. ಇದರಲ್ಲೇ ನಡೆದರೆ ತಿಂಗಳೊಳಗೆ ಮಂಡಿಯ ಮೇಲಕ್ಕೆ ಕತ್ತರಿಸಬೇಕು. ಕಾಲಕ್ಕನ ಕಸುಬಿನಲ್ಲಿ ಒಂದು ಮಾತಿದೆ: ಮಂಡಿ ಇದ್ದವರು ಮೆಟ್ಟಿಲು ಹತ್ತುತ್ತಾರೆ, ಮಂಡಿ ಹೋದವರು ಮೆಟ್ಟಿಲು ಎಣಿಸುತ್ತಾರೆ. ಬಾಟಲಿಯವಳ ಮನೆ ನಾಲ್ಕನೇ ಮಹಡಿಯಲ್ಲಿತ್ತು.

"ಎರಡು ಸಲ ಬಂದು ನೋಡಿ ಇಲ್ಲ ಅಂದೋನು ಇವತ್ತು ಹೂಂ ಅಂತಾನಾ?" ಅತ್ತೆ ಕೇಳಿದಳು.

ಕಾಲಕ್ಕ ತಲೆ ತಗ್ಗಿಸಿದಳು. ಆ ಎರಡು ಸಲದ ತಪ್ಪು ಅವಳದೇ. ಕುಂಟಬಾರದು, ಸೊಂಟ ಓಲಬಾರದು, ನೋವಾದರೂ ಮುಖದಲ್ಲಿ ಕಾಣಬಾರದು ಎಂದು ತಿಂಗಳುಗಟ್ಟಲೆ ತಿದ್ದಿ ನಡೆಸಿದವಳು ಅವಳು. ಅವಳು ಮಾಡಿದ ಕಾಲಿನಲ್ಲಿ ಯಾರಾದರೂ ಕುಂಟಿದರೆ ಅವಳಿಗೇ ಅವಮಾನ. ಬಾಟಲಿಯವಳೂ ಮಹಾ ಸ್ವಾಭಿಮಾನಿ. ಸಾಹೇಬನ ಮುಂದೆ ಎರಡು ಸಲವೂ ರಾಣಿಯ ಹಾಗೆ ನಡೆದಿದ್ದಳು. ಎರಡು ಸಲವೂ ಅವನು ಬರೆದದ್ದು ಒಂದೇ ಸಾಲು: "ನಡೆಯುತ್ತಾರೆ. ಬದಲಿ ಬೇಕಿಲ್ಲ."

"ಇವತ್ತು ಕುಂಟು," ಎಂದಳು ಕಾಲಕ್ಕ. "ಎಷ್ಟು ನೋವೋ ಅಷ್ಟೂ ಕುಂಟು. ಮುಚ್ಚಿಡ್ಬೇಡ ಕಣೇ, ನಿನ್ಗೆ ಕೈ ಮುಗೀತೀನಿ."

ವರ್ಕ್‌ಶಾಪಿನ ಯಜಮಾನ ತನ್ನ ಕೋಣೆಯಿಂದ ತಲೆ ಹೊರಗೆ ಹಾಕಿದ. "ಸಾಹೇಬರ ಹತ್ರ ವಾದ ಬೇಡಮ್ಮ. ಒಂದು ಬಿಲ್ಲಿಗೆ ಬಾಯಿ ಬಿಟ್ರೆ ಹತ್ತು ಬಿಲ್ಲು ತಡೀತಾರೆ."

ಅವನು ಕೆಟ್ಟವನಲ್ಲ. ಒಂದು ಕಾಲಕ್ಕೆ ಅವನೂ ಒಳ್ಳೆ ಕೈಯಿದ್ದ ಕಸುಬುದಾರನೇ. ಗೋಡೆಯ ಮೊಳೆಗೆ ತೂಗುಬಿದ್ದಿದ್ದ ಮಡಚುಗಾಲು ಅವನದೇ ಕೆಲಸ. ಎರಡೂ ಕಾಲು ನೆಟ್ಟಗಿದ್ದವರು ಒಂದು ಕಾಲನ್ನು ಹಿಂದಕ್ಕೆ ಮಡಚಿ, ಮಂಡಿಯನ್ನು ಅದರ ಬಟ್ಟಲಲ್ಲಿಟ್ಟು, ಬೆಲ್ಟು ಬಿಗಿದು ನಡೆಯಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವನು ಒಂದು ದಿನವಿಡೀ ಅದರಲ್ಲಿ ನಡೆಸುತ್ತಿದ್ದ. "ನೋವು ಗೊತ್ತಿಲ್ದೋರು ಕಾಲು ಮಾಡ್ಬಾರ್ದು," ಎನ್ನುತ್ತಿದ್ದ. ಕಾಲಕ್ಕ ಆ ದಿನ ಸಂಜೆ ವಾಂತಿ ಮಾಡಿಕೊಂಡಿದ್ದಳು. ಈಗ ಮಡಚುಗಾಲಿಗೆ ಧೂಳು ಹಿಡಿದಿತ್ತು. ಕಂಪನಿ ಬಿಲ್ಲು ಹಿಂಡಿ ಹಿಂಡಿ, ನಾಲ್ಕು ಜನರಿದ್ದ ಕೆಲಸಕ್ಕೆ ಅವಳೊಬ್ಬಳೇ ಉಳಿದಿದ್ದಳು.

ಹನ್ನೊಂದಕ್ಕೆ ಸರಿಯಾಗಿ ತಪಾಸಣೆ ಸಾಹೇಬ ಬಂದ. ಹೊಳೆಯುವ ಬೂಟು, ಕೈಯಲ್ಲಿ ಸ್ಟಾಪ್‌ವಾಚ್, ಬಾಯಲ್ಲಿ ಬೆಣ್ಣೆಯಂಥ ಮಾತು. ಬೆಂಚಿನ ಮೇಲೆ ಟ್ಯಾಕ್ಸಿಯವನೂ ದರ್ಜಿಯೂ ತಮ್ಮ ಸರದಿಗೆ ಕಾದು ಕೂತಿದ್ದರು. ಇಬ್ಬರಿಗೂ ಒಂದೊಂದು ಕಾಲು ಇದೇ ವರ್ಕ್‌ಶಾಪಿನದು, ಇಬ್ಬರ ಬಟ್ಟಲೂ ಸಡಿಲ.

"ಶುರು ಮಾಡೋಣ್ವಾ ಅಮ್ಮ? ಆರು ನಿಮಿಷ. ಗೋಡೆಯಿಂದ ಗೋಡೆಗೆ."

ಬಾಟಲಿಯವಳು ನಡೆದಳು. ಇಂದು ಮುಚ್ಚಿಡಲಿಲ್ಲ. ಒಂದೊಂದು ಹೆಜ್ಜೆಗೂ ಬಾಯಿ ತೆರೆಯಿತು, ಕೈ ಗೋಡೆ ಹುಡುಕಿತು. ಎರಡನೇ ಸುತ್ತಿಗೇ ಸಾಹೇಬ ನಕ್ಕುಬಿಟ್ಟ. ಜೇಬಿನಿಂದ ಮೊಬೈಲ್ ತೆಗೆದು ಹೋದ ಸಲದ ವಿಡಿಯೋ ಎಲ್ಲರಿಗೂ ತೋರಿಸಿದ.

"ಆವತ್ತು ಎಷ್ಟು ಚೆನ್ನಾಗಿ ನಡೆದಿದೀರಿ ನೋಡಿ. ಇವತ್ತು ಯಾರು ಹೇಳ್ಕೊಟ್ಟಿದ್ದು ಈ ನಾಟಕಾನ?"

"ನೆಟ್ಟಗೆ ನಡೆದ್ರೆ ಬಟ್ಟಲು ಬೇಡ, ಕುಂಟಿದ್ರೆ ನಾಟಕ!" ಅತ್ತೆ ಎದ್ದು ನಿಂತಳು. "ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತೆ. ಮತ್ತೆ ಹೇಗೆ ನಡೀಬೇಕಪ್ಪಾ ಅವಳು? ನೀನೇ ತೋರ್ಸು."

ಅಷ್ಟರಲ್ಲಿ ಬಾಟಲಿಯವಳು ದಬಕ್ಕನೆ ಬಿದ್ದಳು. ಗಲ್ಲ ಸಿಮೆಂಟಿಗೆ ಬಡಿಯಿತು. ಬಟ್ಟಲಿನ ಅಂಚಿನಿಂದ ರಕ್ತ ಇಳಿದು ರಬ್ಬರ್ ಪಾದದವರೆಗೆ ಬಂತು. ಕಾಲಕ್ಕ ಓಡಿದಳು. ಸಾಹೇಬ ಕೈ ಅಡ್ಡ ಹಿಡಿದ.

"ಮುಟ್ಬೇಡಿ. ಎದ್ದೇಳಿ ಅಮ್ಮ. ಇನ್ನೂ ಎರಡು ನಿಮಿಷ ಇದೆ. ಅರ್ಧಕ್ಕೆ ಬಿಟ್ರೆ ಸಹಕರಿಸ್ಲಿಲ್ಲ ಅಂತ ಬರೀಬೇಕಾಗತ್ತೆ."

ಎದ್ದಳು ಪುಣ್ಯಾತ್ಗಿತ್ತಿ. ಮಂಡಿಯ ಆಸೆಗೆ ಎದ್ದಳು. ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿಸುತ್ತಾ ಎರಡು ನಿಮಿಷವೂ ನಡೆದಳು. ಸಾಹೇಬ ವಾಚು ಒತ್ತಿ, ಕಾಗದ ತೊಡೆಯ ಮೇಲಿಟ್ಟುಕೊಂಡು ಬರೆದ. ಕಾಲಕ್ಕ ಅವನ ಹೆಗಲ ಮೇಲಿಂದ ಓದಿದಳು. ಅದೇ ಸಾಲು.

"ಬೇಜಾರ್ ಮಾಡ್ಕೋಬೇಡಿ," ಎಂದ ಅವನು ಪೆನ್ನು ಮುಚ್ಚುತ್ತಾ. "ಮಂಡಿ ಮೇಲೆ ಕತ್ತರಿಸಿದ್ರೆ ಅದು ಹೊಸ ಕೇಸು. ಒಂದೇ ವಾರದಲ್ಲಿ ಪೂರ್ತಿ ಹೊಸ ಕಾಲು ಮಂಜೂರು ಮಾಡಿಸ್ತೀನಿ."

ಕಾಲಕ್ಕ ಹೋಗಿ ಶಟರ್ ಎಳೆದಳು. ತಿರುಗಿ ಬಂದು, ಪ್ಲಾಸ್ಟರ್ ಮೆತ್ತಿದ ಕೈಯಿಂದ ಅವನ ಕೆನ್ನೆಗೆ ಬಿಟ್ಟಳು. ಇಪ್ಪತ್ತೊಂಬತ್ತು ವರ್ಷ ಅಚ್ಚು ಕೆತ್ತಿದ ಕೈ ಅದು. ಸಾಹೇಬನ ಕನ್ನಡಕ ಹಾರಿಹೋಯಿತು. ಅವನು ಶಟರಿನ ಕಡೆ ಓಡಿದ. ಟ್ಯಾಕ್ಸಿಯವನು ಕೂತಲ್ಲಿಂದಲೇ ತನ್ನ ಕಾಲು ಅಡ್ಡ ಚಾಚಿದ. ಸಾಹೇಬ ಮುಖ ಅಡಿಯಾಗಿ ಬಿದ್ದ, ಮೂಗು ಒಡೆಯಿತು.

"ಕಂಪನಿ ಕೊಟ್ಟಿರೋ ಕಾಲೇ ಸಾರ್. ಗಟ್ಟಿ ಇದೆ," ಎಂದ ಟ್ಯಾಕ್ಸಿಯವನು.

ಅತ್ತೆ ಹೋಗಿ ಅವನ ಬೆನ್ನ ಮೇಲೆ ಕುಕ್ಕರಿಸಿದಳು. ತೂಕಕ್ಕೇನು ಕಮ್ಮಿಯಿರಲಿಲ್ಲ. ದರ್ಜಿ ಕೈಗಳನ್ನು ಹಿಡಿದ. ಕಾಲಕ್ಕ ಮೊಳೆಯಿಂದ ಮಡಚುಗಾಲು ಇಳಿಸಿದಳು.

"ಬೇಡ! ಬಿಡಿ! ನಾನು ಬರೀ ನೌಕರ ಕಣಮ್ಮ!"

"ನಾವೂ ನೌಕರರೇ. ಕಾಲು ಮಡಚು."

ಅವನು ಒದ್ದ. ಒದೆ ಅವಳ ಎದೆಗೆ ಬಿತ್ತು. ಅವಳು ಅವನ ಕಾಲನ್ನು ಹಿಂದಕ್ಕೆ ತಿರುಚಿ ಮಡಚಿದಳು, ಮಂಡಿಯನ್ನು ಬಟ್ಟಲಿಗೆ ತುರುಕಿದಳು. ಲಟಕ್ ಎಂದು ಏನೋ ಸದ್ದಾಯಿತು. ಅವನು ಕಿರುಚಿದ. ಸದ್ದಿಗೆ ಯಜಮಾನ ಕೋಣೆಯಿಂದ ಹೊರಗೆ ಬಂದ. ನೋಡಿದ. ಮುಖ ಬಿಳಿಚಿಕೊಂಡಿತು.

"ಮನೆ ಮುಳುಗಿಸಿದ್ಯಲ್ಲೇ! ನನ್ನ ಮನೆ ಮುಳುಗಿಸ್ಬಿಟ್ಯಲ್ಲೇ!"

ಅವನ ಕಣ್ಣು ಮಡಚುಗಾಲಿನ ಮೇಲೆ ನಿಂತಿತು. ಬಾಯಿ ತಾನಾಗಿ ಹೇಳಿತು: "ಬೆಲ್ಟು ಎರಡು ತೂತು ಒಳಗೆ ಹಾಕು. ಜಾರ್ತಾ ಇದೆ." ಆಮೇಲೆ ಕೋಣೆಗೆ ಹೋಗಿ ಪೊಲೀಸರಿಗೆ ಫೋನು ಮಾಡಿದ.

ಬಾಟಲಿಯವಳು ನೆಲದಲ್ಲಿ ಬಿದ್ದಿದ್ದ ಸ್ಟಾಪ್‌ವಾಚ್ ಎತ್ತಿಕೊಂಡಳು. "ಆರು ನಿಮಿಷ ಸಾರ್. ಗೋಡೆಯಿಂದ ಗೋಡೆಗೆ."

ಸಾಹೇಬ ನಡೆದ. ಎರಡು ಹೆಜ್ಜೆಗೆ ಬಿದ್ದ. ಎತ್ತಿ ನಿಲ್ಲಿಸಿದರು. ಗೋಡೆ ಪರಚಿದ, ದೇವರನ್ನು ಕರೆದ, ತಾಯಿಯನ್ನು ಕರೆದ, ಎಲ್ಲರ ಬಿಲ್ಲೂ ಮಂಜೂರು ಮಾಡಿಸುತ್ತೇನೆ ಎಂದ. ಮೂಗಿನ ರಕ್ತ ಅಂಗಿಯ ಮೇಲೆಲ್ಲ ಇಳಿಯಿತು. ನಾಲ್ಕನೇ ನಿಮಿಷಕ್ಕೆ ಮತ್ತೆ ಬಿದ್ದು, ಏಳಲಾರದೆ ಗೊಳೋ ಎಂದು ಅತ್ತ.

ಬಾಟಲಿಯವಳು ಅವನ ಪಕ್ಕ ಗೋಡೆ ಹಿಡಿದು ಬಗ್ಗಿದಳು. ಅವಳ ಧ್ವನಿ ಅವನದಷ್ಟೇ ಮೃದುವಾಗಿತ್ತು. "ಎದ್ದೇಳಿ ಸಾರ್. ಇನ್ನೂ ಎರಡು ನಿಮಿಷ ಇದೆ."

ಪೊಲೀಸರು ಬಂದು ಮೊದಲು ಕಾಲಕ್ಕನಿಗೆ ಬಾರಿಸಿದರು, ಆಮೇಲೆ ಏನಾಯಿತೆಂದು ಕೇಳಿದರು. ಅವಳ ತುಟಿ ಸೀಳಿತ್ತು.

"ಯಾರ್ಯಾರು ಸೇರಿದ್ರಿ?"

"ನಾನೊಬ್ಳೇ."

"ಅಷ್ಟು ದೊಡ್ಡ ಆಳನ್ನ ನೀನೊಬ್ಳೇ?"

"ನಾಲ್ಕು ಜನರ ಕೆಲಸ ಒಬ್ಳೇ ಮಾಡ್ತಾ ಇದೀನಲ್ಲಪ್ಪ. ಇದೊಂದು ಹೆಚ್ಚಾ?"

ಅದಕ್ಕೂ ಒಂದು ಬಿತ್ತು.

ಒಂದೊಂದೇ ಕಾಲಿನವರು ಬೀಳಿಸಿದರೆಂದು ಹೇಳಲು ನಾಚಿ ಸಾಹೇಬನೂ ದೂರಿನಲ್ಲಿ ಅವಳೊಬ್ಬಳ ಹೆಸರನ್ನೇ ಬರೆಸಿದ. ಹನ್ನೊಂದು ದಿನ ಒಳಗಿದ್ದಳು. ಜಾಮೀನಿಗೆ ನಿಂತವರು ಟ್ಯಾಕ್ಸಿಯವನು ಮತ್ತು ದರ್ಜಿ. ಹೊರಗೆ ಬಂದಾಗ ಯಜಮಾನನೇ ಬಾಗಿಲಲ್ಲಿ ಕಾದಿದ್ದ. ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಮೇಜಿನ ಮೇಲಿದ್ದ ಕಾಗದ ತೋರಿಸಿದ. ಸಾಹೇಬನ ಮಂಡಿ ಉಳುಕಿತ್ತು. ಅದಕ್ಕೊಂದು ಅಚ್ಚು ತೆಗೆದು ಮಾಡುವ ಮಂಡಿಪಟ್ಟಿ ಆಗಬೇಕಿತ್ತು, ಅತ್ಯುತ್ತಮ ದರ್ಜೆಯದು. ಅರ್ಜಿ ಹಾಕಿದ ದಿನವೇ ಮಂಜೂರು. ತಪಾಸಣೆಯಿಲ್ಲ, ಆರು ನಿಮಿಷವಿಲ್ಲ, ಹಣವೂ ಮುಂಗಡ. ಯಾರು ಯಾರನ್ನು ಹೊಡೆದರು ಎಂದು ಕಂಪನಿಯ ಕಂಪ್ಯೂಟರಿಗೆ ಏನು ಗೊತ್ತು? ಅದರ ದಾಖಲೆಯಲ್ಲಿ ಆ ಊರಿಗೆ ಇದ್ದದ್ದು ಇದೊಂದೇ ವರ್ಕ್‌ಶಾಪು, ಇಲ್ಲಿಗೇ ಕಳಿಸಿತ್ತು.

"ಚೆನ್ನಾಗಿ ಮಾಡ್ಕೊಡು," ಎಂದ ಯಜಮಾನ. "ನಾನು ಮಾತಾಡಿದೀನಿ. ಕೇಸು ಸಡಿಲ ಮಾಡ್ತಾರಂತೆ. ಇಲ್ದಿದ್ರೆ ಎರಡು ವರ್ಷ ಜೈಲು ಕಣಮ್ಮ."

ಮೂಲೆಯಲ್ಲಿ ಹೊಸ ಪ್ಲಾಸ್ಟರಿನ ಇಡೀ ಗೋಣಿ, ಅದರ ಪಕ್ಕ ಅಂಟಿನ ಡಬ್ಬ, ಪ್ಲಾಸ್ಟಿಕ್ ಹಾಳೆಯ ಸುರುಳಿ. ಒಂದು ಮಂಡಿಪಟ್ಟಿಗೆ ಅಷ್ಟು ಬೇಡ, ಆದರೆ ಮಾರುವವನು ಬಿಡಿಯಾಗಿ ಕೊಡುವುದಿಲ್ಲ. ಅಂಥ ಅಪ್ಪಟ ಮಾಲು ಕಾಲಕ್ಕನ ಕಣ್ಣಿಗೆ ಬಿದ್ದು ವರ್ಷದ ಮೇಲಾಗಿತ್ತು. ಅವಳು ಗೋಣಿಯ ಮೇಲೆ ಕೈಯಾಡಿಸಿದಳು.

ಬೆಂಚಿನ ಮೇಲೆ ದರ್ಜಿಯ ಪಕ್ಕ ಬಾಟಲಿಯವಳು ಅತ್ತೆಯ ಜೊತೆ ಕೂತಿದ್ದಳು, ಊರುಗೋಲು ಹಿಡಿದು. ಹನ್ನೊಂದು ದಿನ ಹಳೇ ಬಟ್ಟಲು ಹಾಕದೆ ಗಾಯದ ಬಾಯಿ ಕಟ್ಟಿಕೊಂಡಿತ್ತು. ಮತ್ತೆ ಹಾಕಿದರೆ ಬಿರಿಯುವುದು ಖಂಡಿತ. ಹಾಕದಿದ್ದರೆ ಕೃತಕ ಕಾಲಿನಲ್ಲೇ ಮತ್ತೆ ಸೇರಿದ್ದ ಕಾರ್ಖಾನೆಯ ಕೆಲಸ ಹೋಗುತ್ತದೆ. ಅವಳು ನಾಳೆಯಿಂದ ಹಾಕುವುದೆಂದು ತೀರ್ಮಾನಿಸಿ, ಹೇಳಿಹೋಗಲು ಬಂದಿದ್ದಳು.

"ನಮ್ಮ ದೆಸೆಯಿಂದ ನಿನಗೆ ಹೀಗಾಯ್ತಲ್ಲ ಅಕ್ಕ," ಎಂದಳು.

ಕಾಲಕ್ಕ ಚಾಕು ತೆಗೆದುಕೊಂಡು ಗೋಣಿಯ ಬಾಯಿ ಸೀಳಿದಳು. ಬಿಳಿ ಪುಡಿ ಭುಸ್ಸೆಂದು ಎದ್ದಿತು.

"ಇಲ್ಲಿ ಬಾ. ಕೂತ್ಕೋ. ಕಾಲು ಚಾಚು."

"ಏ! ಅದು ಸಾಹೇಬರ ಪಟ್ಟಿಗೆ ತಂದಿರೋದು!" ಯಜಮಾನ ಕೂಗಿದ.

"ಗೊತ್ತು."

"ಜೈಲಿಗೆ ಹೋಗ್ತೀಯ ಕಣೇ!"

"ಹೋಗೋವಾಗ ಹೋಗ್ತೀನಿ. ಅದಕ್ಕಿನ್ನೂ ವಾಯಿದೆ ಇದೆ. ಈಗ ಒಂದು ಬಕೆಟ್ ನೀರು ತನ್ನಿ, ಬೆಚ್ಚಗಿರ್ಲಿ."

ಯಜಮಾನ ಅಲ್ಲೇ ನಿಂತ. ಗೋಣಿ ನೋಡಿದ, ಆ ಮೋಟುಗಾಲು ನೋಡಿದ, ಬಾಗಿಲು ನೋಡಿದ. "ಕಂಪನಿಯವರು ಮಂಡಿಪಟ್ಟಿ ಎಲ್ಲಿ ಅಂತ ಕೇಳಿದ್ರೆ ಏನಂತ ಬರೀಲಿ?"

"ಸಾಹೇಬರು ನಡೆಯುತ್ತಾರೆ ಅಂತ ಬರೀರಿ. ಬೇಕಿಲ್ಲ ಅಂತ ಬರೀರಿ."

ಅತ್ತೆ ಈ ಸಲ ಮುಖ ತಿರುಗಿಸದೆ ಅತ್ತಳು. ಯಜಮಾನ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ಹೋದ. ನೀರು ಬಂದ ಮೇಲೆ ಕಾಲಕ್ಕ ಹೊಸ ಬಟ್ಟಲಿನ ಅಚ್ಚಿಗೆಂದು ಪ್ಲಾಸ್ಟರಿನಲ್ಲಿ ಅದ್ದಿದ ಒದ್ದೆ ಬಟ್ಟೆಯನ್ನು ಬಾಟಲಿಯವಳ ಮಂಡಿಯ ಕೆಳಗೆ ಸುತ್ತತೊಡಗಿದಳು, ಎಲ್ಲೂ ಗಂಟು ಬೀಳದಂತೆ, ಒಂದರ ಮೇಲೊಂದು. ತಲೆಯೆತ್ತದೆ ಕೇಳಿದಳು:

"ಗೋಣೀಲಿ ಇನ್ನೂ ಸುಮಾರು ಕಾಲಿಗಾಗೋಷ್ಟಿದೆ. ಮುಂದಿನವರು ಯಾರು?"

ದರ್ಜಿ ಬೆಂಚಿನ ಮೇಲೆ ಮುಂದಕ್ಕೆ ಸರಿದು ಕೂತು, ತನ್ನ ಮೊದಲನೇ ಕಾಲುಚೀಲ ಬಿಚ್ಚಿದ.