ಕೊಳದ ನೀರು ಎಲ್ಲಿ ಹೋಗುತ್ತದೆ

ಊರಿನ ಈಜುಕೊಳಕ್ಕೆ ನಲವತ್ತೊಂದು ವರ್ಷವಾಗಿತ್ತು. ಅದರಲ್ಲಿ ಇಪ್ಪತ್ತಾರು ವರ್ಷ ಅದನ್ನು ನೋಡಿಕೊಂಡವರು ಕ್ಲೋರಿನ್ ಚಿಕ್ಕಪ್ಪ. ಈಜಲು ಬರುವ ಮಕ್ಕಳು ಇಟ್ಟ ಹೆಸರು ಅದು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದರು. ಕೊಳದ ಟೈಲ್ಸ್ ಕಿತ್ತುಬಂದಿದ್ದವು, ಪಂಪು ಕೆಮ್ಮುತ್ತಿತ್ತು. ಬಟ್ಟೆ ಬದಲಾಯಿಸುವ ಕೋಣೆಗೆ ಚಿಲಕವಿಲ್ಲದ್ದರಿಂದ ಒಳಗೆ ಹೋದವರು ಹೊರಬರುವವರೆಗೂ ಹಾಡು ಹೇಳುತ್ತಿರಬೇಕಿತ್ತು. ಇಷ್ಟನ್ನು ಜನ ಸಹಿಸಿಕೊಂಡಿದ್ದರು. ಆದರೆ ಕೊಳ ಸೋರುತ್ತಿತ್ತು. ದಿನಕ್ಕೆ ಮೂರು ಬೆರಳು ನೀರು ಇಳಿದು ಎಲ್ಲಿಗೆ ಹೋಗುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಪುರಸಭೆ ದುರಸ್ತಿಯ ಮಾತೆತ್ತಿದ್ದೇ ತಡ, ಊರು ಎರಡು ಪಾಲಾಯಿತು. ದುರಸ್ತಿ ಬೇಕೆನ್ನುವವರು ಚಿಕ್ಕಪ್ಪನನ್ನು ಮುಂದೆ ನಿಲ್ಲಿಸಿದರು. ಕೊಳ ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡಿ ಎನ್ನುವವರಿಗೆ ಕೊಳದ ಹಿಂದಿನ ಮನೆಯ ವಕೀಲರೇ ಮುಂದಾಳು.

ಮೊದಲ ಸಭೆಯಲ್ಲಿ ವಕೀಲರು ಮುಕ್ಕಾಲು ಗಂಟೆ ಮಾತಾಡಿದರು. ಊರಿಗೆ ಊರೇ ಬಕೆಟ್ ಹಿಡಿದು ಸಾಲು ನಿಂತಿರುವಾಗ ಇಲ್ಲಿ ನೀರು ಮಣ್ಣುಪಾಲಾಗುತ್ತಿದೆ ಎಂದರು. ತಾವು ಹಿತಮಿತವಾಗಿ ಬಳಸುವುದರಿಂದಲೇ ತಮ್ಮ ಬಾವಿ ಯಾವ ಬೇಸಿಗೆಯಲ್ಲೂ ಬತ್ತಿಲ್ಲ ಎಂದರು. ಅದರ ನೀರಿನಲ್ಲಿ ಔಷಧಿಯ ಗುಣವೂ ಉಂಟು, ವಾಸನೆಯಿಂದಲೇ ಗೊತ್ತಾಗುತ್ತದೆ, ಭಾವಮೈದುನ ವಾರಕ್ಕೆರಡು ಕ್ಯಾನ್ ತುಂಬಿಸಿಕೊಂಡು ಹೋಗುತ್ತಾನೆ ಎಂದೂ ಸೇರಿಸಿದರು. ಮುಂದಿನ ಸಾಲಿನಲ್ಲಿದ್ದ ಭಾವಮೈದುನ ಹೌದೆಂದು ತಲೆಯಾಡಿಸಿದ.

ಚಿಕ್ಕಪ್ಪನಿಗೆ ಮೂರು ಜನರೆದುರು ನಿಂತರೆ ನಾಲಗೆ ಒಣಗುತ್ತಿತ್ತು. ಎದ್ದರು, ಗಂಟಲು ಸರಿಮಾಡಿಕೊಂಡರು, "ಕೊಳ ಒಳ್ಳೇದು" ಎಂದು ಕೂತುಬಿಟ್ಟರು.

ಪುರಸಭೆಯ ಅಧ್ಯಕ್ಷೆ ಹಿಂದೆ ನರ್ಸ್ ಆಗಿದ್ದವರು. ರೋಗ ಎಲ್ಲಿದೆಯೆಂದು ತಿಳಿಯದೆ ರೋಗಿಯನ್ನು ಮನೆಗೆ ಕಳಿಸುವುದಾಗಲಿ ಕೊಯ್ಯುವುದಾಗಲಿ ಸರಿಯಲ್ಲ, ಭಾನುವಾರ ಕೈ ಎತ್ತಿಸೋಣ, ಅಷ್ಟರೊಳಗೆ ಸೋರಿಕೆ ಪತ್ತೆಮಾಡಿ ಎಂದು ಚಿಕ್ಕಪ್ಪನಿಗೆ ಹೇಳಿದರು.

ಗುರುವಾರ ಚಿಕ್ಕಪ್ಪ ಕೊಳಕ್ಕೆ ರಜೆ ಕೊಟ್ಟು, ಯಾರಿಗೂ ಅಪಾಯ ಮಾಡದ ಹಸಿರು ಬಣ್ಣ ತಂದು, ನೀರಿಗಿಳಿದು ಗೋಡೆಯುದ್ದಕ್ಕೂ ಚೂರುಚೂರೇ ಬಿಡುತ್ತ ಹೋದರು. ಏಣಿಯ ಕೆಳಗೆ ಬಣ್ಣ ದಾರದಂತೆ ಎಳೆದುಕೊಂಡು ಒಂದು ಬಿರುಕಿನೊಳಗೆ ನುಸುಳಿಹೋಯಿತು. ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಆ ಖುಷಿಯಲ್ಲಿ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಅಲ್ಲೇ ಸುರಿದುಬಿಟ್ಟರು.

ಭಾನುವಾರ ವಕೀಲರು ಸಭೆಗೆ ತಡವಾಗಿ ಬಂದರು. ಬಿಳಿ ಬಿಟ್ಟು ಬೇರೆ ಬಣ್ಣ ಮೈಮೇಲೆ ಹಾಕದವರು ಅಂದು ಎಳೆ ಹಸಿರು ಅಂಗಿ, ಎಳೆ ಹಸಿರು ಪ್ಯಾಂಟಿನಲ್ಲಿದ್ದರು. ನೆರೆತ ಕೂದಲಿಗೂ ಅದೇ ಛಾಯೆ ಹತ್ತಿತ್ತು. ಶನಿವಾರ ವಾಷಿಂಗ್ ಮೆಷಿನ್‌ಗೆ ಹಾಕಿದ ಅಷ್ಟೂ ಬಟ್ಟೆ ಹೀಗಾಗಿದ್ದವು. ಮನೆಯಲ್ಲೇ ಉಳಿಯೋಣವೆಂದರೆ ಒಂದು ಕೈ ಕಡಿಮೆಯಾಗುತ್ತದಲ್ಲ. ಹಿಂದಿನಿಂದ ಬಂದ ಅವರ ಹೆಂಡತಿ ಬಾವಿಯ ನೀರಿನ ಬಾಟಲಿಯನ್ನು ಅಧ್ಯಕ್ಷೆಯ ಮೇಜಿನ ಮೇಲಿಟ್ಟು, ಇದೇನು ರೋಗ ನೋಡಿ ಹೇಳಿ ಎಂದರು.

ಬಾಟಲಿ ನೋಡಿ ಚಿಕ್ಕಪ್ಪ ಕೆಲಸ ಹೋಯಿತೆಂದೇ ಅಂದುಕೊಂಡರು. ಆದರೂ ಎದ್ದು ನಿಂತರು.

"ತಪ್ಪಾಯ್ತು ವಕೀಲ್ರೇ. ಅದು ನಾನು ಬಿಟ್ಟ ಬಣ್ಣ. ನಿಮ್ಮ ಬಾವೀಲಿರೋದು ನಮ್ಮ ಕೊಳದ ನೀರು. ಆ ಔಷಧಿ ವಾಸನೆನೂ ನಮ್ಮದೇ."

ಭಾವಮೈದುನ ಮೆಲ್ಲನೆ ಬಾಯಿ ಒರೆಸಿಕೊಂಡ. ಅದನ್ನು ಕಂಡು ಯಾರೋ ಕಿಸಕ್ಕೆಂದರು. ಆಮೇಲೆ ನಗು ತಡೆಯುವವರೇ ಇಲ್ಲ.

ವಕೀಲರು ಮಾತ್ರ ಲೆಕ್ಕ ಹಾಕುತ್ತಿದ್ದರು. ಕೊಳ ಮುಚ್ಚಿದರೆ ಬಾವಿ ಬತ್ತುತ್ತದೆ. ದುರಸ್ತಿಯಾದರೂ ಬತ್ತುತ್ತದೆ. ಅವರು ಅಂಗಿ ಸರಿಮಾಡಿಕೊಂಡು ಎದ್ದು, ಹಳೆಯದನ್ನು ಹಳೆಯದಾಗಿಯೇ ಕಾಪಾಡುವುದು ನಾಗರಿಕರ ಲಕ್ಷಣ, ಆದ್ದರಿಂದ ಕೊಳವನ್ನು ಮುಚ್ಚುವುದೂ ಬೇಡ, ಮುಟ್ಟುವುದೂ ಬೇಡ ಎಂದು ವಾದ ಶುರುಮಾಡಿದರು. ನಗು ನಿಂತು ಒಂದಿಬ್ಬರು ಯೋಚನೆಗೂ ಬಿದ್ದರು. ಅಷ್ಟರಲ್ಲಿ ಹೆಂಡತಿ ಅವರ ಅಂಗಿಯ ತುದಿ ಹಿಡಿದು ಜಗ್ಗಿದರು.

"ಕೂತ್ಕೊಳ್ರಿ. ಹದಿನೆಂಟು ವರ್ಷ ಊರಿನವರು ಈಜಿದ ನೀರಲ್ಲಿ ನಿಮಗೆ ಅಡುಗೆ ಮಾಡಿ ಹಾಕಿದ್ದೀನಿ. ಇನ್ನು ಸಾಕು."

ಹೀಗೆಂದವರೇ ದುರಸ್ತಿಗೆ ಮೊದಲ ಕೈ ಎತ್ತಿದರು. ಕೈಗಳು ಒಂದೊಂದಾಗಿ ಮೇಲೇರಿದವು. ವಕೀಲರ ಕೈಯೂ ಕಿವಿಯವರೆಗೆ ಹೋಯಿತು. ಕನ್ನಡಕ ಸರಿಮಾಡಲೆಂದು ಎತ್ತಿದ್ದು ಎಂದು ಅವರು ಆಮೇಲೆ ಹೇಳಿದರೂ ಅಧ್ಯಕ್ಷೆ ಎಣಿಸಿಯಾಗಿತ್ತು.

ದುರಸ್ತಿಗೆ ಏಳು ತಿಂಗಳು ಹಿಡಿಯಿತು. ಬಾವಿ ತಳ ಕಂಡಿತು. ವಕೀಲರು ಎಲ್ಲರಂತೆ ಪುರಸಭೆಯ ಸಾಲಿನಲ್ಲಿ ನಿಂತು ಮನೆಗೆ ನಲ್ಲಿ ಹಾಕಿಸಿಕೊಂಡರು. ಕೊಳ ತೆರೆದ ವಾರವೇ ಅವರ ಹೆಂಡತಿ ಈಜು ಕಲಿಯಲು ಸೇರಿದರು. ಚಿಕ್ಕಪ್ಪ ದಡದಲ್ಲಿ ನಿಂತು, ಹೆದರಬೇಡಿ ಅಕ್ಕಾ, ಕಾಲು ಬಡೀರಿ ಎನ್ನುತ್ತಿದ್ದರು. ಹೆಂಡತಿ ಮುಳುಗುತ್ತಾಳೇನೋ ಎಂಬ ಚಿಂತೆಯಿಂದ ವಕೀಲರು ದಿನಾ ಸಂಜೆ ಬಂದು ಕೂರತೊಡಗಿದರು. ನಾಲ್ಕನೆಯ ದಿನ ಸುಮ್ಮನೆ ಕಾಲು ಇಳಿಬಿಟ್ಟರು. ನೀರು ವಿಪರೀತ ತಣ್ಣಗಿದೆ, ಪುರಸಭೆಗೆ ದೂರು ಬರೆಯುತ್ತೇನೆ ಎಂದು ಚಿಕ್ಕಪ್ಪನಿಗೆ ಗದರಿಸಿ, ಮರುದಿನ ಸೊಂಟದವರೆಗೆ ಇಳಿದರು.