ಅಂಗೈ ಕೆಳಗಿನ ಗೆರೆ

ಮತ್ತೆ ಅಲ್ಲೇ ಬಾಗಿತು, ಅದೇ ಜಾಗದಲ್ಲಿ, ಕತ್ತಲೆ ಕೋಣೆಯ ಲ್ಯಾಪ್‌ಟಾಪಿನ ಮೇಲೆ ಗಂಗೋತ್ರಿ ಅಳೆದ ಬೆಳಕಿನ ಗೆರೆ ನೆಟ್ಟಗೆ ಏರಿ ಏರಿ ಕೊನೆಗೆ ದಣಿದವರ ಹಾಗೆ ಮಲಗಿಬಿಟ್ಟಿತು — ಮಲಗಬಾರದು, ಎದುರಿಗಿಟ್ಟ ದೀಪ ಅದೇ, ದುರ್ಬೀನಿನ ಕ್ಯಾಮೆರಾ ಎರಡರಷ್ಟು ಹೊತ್ತು ಕಣ್ಣು ತೆರೆದರೆ ಎರಡರಷ್ಟು ಬೆಳಕು ಲೆಕ್ಕಕ್ಕೆ ಸಿಗಬೇಕು, ಅಷ್ಟೇ ಪರೀಕ್ಷೆ, ವಿಜ್ಞಾನ ಪತ್ರಿಕೆಯವರು ಕೇಳಿದ್ದೂ ಅಷ್ಟೇ, ನಿಮ್ಮ ಕ್ಯಾಮೆರಾ ಸರಿಯಿದೆಯೆಂದು ತೋರಿಸಿ, ನೀವು ಕಂಡ ನಕ್ಷತ್ರದ ಲೇಖನ ಅಚ್ಚು ಹಾಕುತ್ತೇವೆ. ಮೊದಲು ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮೇಲೆ ಸಿಟ್ಟಾದಳು, ಆದೋನಿಯಲ್ಲಿ ಮಿಲ್ಲು ಶುರುವಾದರೆ ಓಣಿಯ ಬಲ್ಬುಗಳೆಲ್ಲ ಮಂಕಾಗುತ್ತವೆ, ದೀಪವನ್ನು ಬ್ಯಾಟರಿಗೆ ಹಾಕಿದಳು, ಬಾಗಿತು, ಬ್ಯಾಟರಿ ಬದಲಿಸಿದಳು, ಬಾಗಿತು, ಮೊದಲು ತೆಗೆದ ಚಿತ್ರವನ್ನೇ ಕೊನೆಗೆ ಇನ್ನೊಮ್ಮೆ ತೆಗೆದಳು, ಬೆಳಕು ಕೂದಲೆಳೆಯಷ್ಟೂ ಕುಂದಿರಲಿಲ್ಲ, ಪಾಪದ ದೀಪ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾದರೆ ನಕ್ಷತ್ರ — ಹೊಳಪು ಏರಿ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಂತುಬಿಡುತ್ತದೆ ಎಂದು ಲೇಖನದಲ್ಲಿ ಬರೆದಿದ್ದಾಳೆ, ಹೀಗೆ ನಿಲ್ಲುವುದನ್ನು ಯಾರೂ ಕಂಡಿಲ್ಲ ಎಂದೂ ಬರೆದಿದ್ದಾಳೆ, ಅಯ್ಯೋ ಶಿವನೇ, ನಿಂತದ್ದು ನಕ್ಷತ್ರವಲ್ಲ, ಕ್ಯಾಮೆರಾ, ಬೆಳಕು ಕುಡಿದು ಕುಡಿದು ಅದರ ಹೊಟ್ಟೆ ತುಂಬಿತ್ತು, ನಕ್ಷತ್ರ ತನ್ನ ಪಾಡಿಗೆ ಇನ್ನೂ ಏರುತ್ತಿತ್ತು.

ಗಂಗೋತ್ರೀ, ಮುಗೀತೇನವ್ವಾ, ಸನ್ಮಾನಕ್ಕ ಶಾಲು ಹಿಡಕೊಂಡು ಮಂದಿ ಬಂದಾರ — ಬಾಗಿಲಾಚೆ ಅತ್ತೆ ಅಂಬಮ್ಮ. ಬೈಯುವ ಅತ್ತೆಯಾಗಿದ್ದರೆ ಎಷ್ಟು ಸುಲಭವಿತ್ತು, ಹತ್ತಿ ತುಂಬುವ ಈ ಕೋಣೆಯನ್ನು ಮಾವನ ಜೊತೆ ಜಗಳ ತೆಗೆದು ಖಾಲಿ ಮಾಡಿಸಿದವಳು, ನಿಮ್ಮ ಹತ್ತಿ ಹೊರಗ ಹಾಕ್ರಿ, ನನ್ನ ಸೊಸಿಗಿ ಕತ್ತಲಿ ಬೇಕಾಗೈತಿ ಅಂದವಳು, ಎಮ್ಮಿಗನೂರಿನ ಬೀಗರಿಗೂ ಕೋಸಗಿಯ ತಂಗಿಗೂ ಫೋನು ಹಚ್ಚಿ, ನಮ್ಮಾಕಿ ಚುಕ್ಕಿ ಕಂಡುಹಿಡದಾಳ, ಚಾಲಾ ಗೊಪ್ಪ, ಭಾಳ ದೊಡ್ಡ ಮಾತು ಅಂತಾರ ಎಲ್ಲಾರು ಎಂದು ಸಾರಿದವಳು, ಆ ಮುಖಕ್ಕೆ ಏನಂತ ಹೇಳುವುದು, ಮಾವ ಕಾಯುತ್ತಲೇ ಇದ್ದಾರೆ, ಆಟ ಮುಗೀತಂದ್ರ ಹೇಳ್ರಿ, ನಾಳಿಂದ ಹತ್ತಿ ಇಳಸ್ತೀನಿ — ಸೆಕೆ, ಧೂಳೇಳುತ್ತದೆಂದು ಫ್ಯಾನು ಹಾಕುವಂತಿಲ್ಲ, ಕಿಟಕಿ ತಾನೇ ಮುಚ್ಚಿ ಮೊಳೆ ಹೊಡೆಸಿದ್ದು, ಹೆದರಿಕೆಯಾಗುತ್ತಿದೆ, ಹೌದು, ಹೆದರಿಕೆಯೇ. ಬಾಗಿದ ತುದಿಯ ಮೇಲೆ ಅಂಗೈ ಇಟ್ಟಳು, ಕೆಳಗೆ ಉಳಿದದ್ದು ಬಂಗಾರದಂಥ ನೇರ ಗೆರೆ, ಪತ್ರಿಕೆಗೆ ಅಷ್ಟನ್ನೇ ಕಳಿಸಿದರೆ, ಸುಳ್ಳೇನಲ್ಲ, ಅಳೆದದ್ದೇ, ಪೂರ್ತಿ ಅಲ್ಲ ಅಷ್ಟೇ, ಅಂಗೈ ತೆಗೆದಳು, ಬಾಗಿದೆ, ಇಟ್ಟಳು, ನೇರ, ತೆಗೆದಳು, ಇಟ್ಟಳು — ಚಿಲಕ ಹಾಕಿಲ್ಲವೆಂದು ಈಗ ನೆನಪಾಗುತ್ತದೆ, ಬಾಗಿಲು ತೆರೆದು ಬಿಸಿಲು, ಮಲ್ಲಿಗೆಯ ವಾಸನೆ, ಹೆಗಲ ಮೇಲೆ ಅತ್ತೆಯ ಗದ್ದ, ಇದಾ ಅದು, ಎಷ್ಟು ನೆಟ್ಟಗ ಐತಲ್ಲವ್ವಾ, ನಿನ್ನಂಗ, ಕೈ ತಗಿ, ಮ್ಯಾಲಿಂದೂ ನೋಡೂನು — ಅಂಗೈ ಬೆವರುತ್ತದೆ, ಪರದೆಗೆ ಅಂಟುತ್ತದೆ, ಕೈ ತಗಿಯವ್ವಾ, ಅಂಗೈ, ಅದರ ಕೆಳಗೆ ಬಾಗಿದ ಗೆರೆ, ಅಂಗೈ