ನೋಡುವುದಕ್ಕೆ ಇಪ್ಪತ್ನಾಲ್ಕು ಹೆಸರು

ಐವತ್ತೆರಡು ನಿಮಿಷಗಳಲ್ಲಿ ಇನ್ನೂರ ಹದಿನಾಲ್ಕು ಸಲ. ಗುಂಪಿನ ಹಿಂದೆ ನಡೆಯುತ್ತಾ ನಾನೇ ಎಣಿಸಿದ್ದೆ. ಎರಡು ಮೂರು ಹೆಚ್ಚುಕಡಿಮೆ ಇದ್ದೀತು.

ನನ್ನ ಚಿಕ್ಕಪ್ಪ ರಘುರಾಮ್ ಬೇಲೂರು ದೇವಸ್ಥಾನದಲ್ಲಿ ಗೈಡು. ಕನ್ನಡದಲ್ಲಿ ಅವರ ವಿವರಣೆ ಕೇಳಲು ನಿಂತವರು ಊಟದ ಹೊತ್ತು ಮರೆಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಅವರ ಬಳಿ ಇದ್ದ ಕ್ರಿಯಾಪದ ಒಂದೇ: ಸೀ. "ಸೀ ಎಲಿಫೆಂಟ್. ಸೀ ಲಯನ್. ಸೀ ಲೇಡಿ. ಸೀ ಲೇಡಿ ಮಿರರ್."

ಮೈಸೂರಿನ ಒಂದು ಸಣ್ಣ ಪ್ರವಾಸ ಸಂಸ್ಥೆಯ ನಟರಾಜ್ ಇದನ್ನು ಫೋನಿನಲ್ಲಿ ಮೆತ್ತಗೆ ಹೇಳಿದರು. "ರಘುರಾಮ್ ಅವ್ರೇ, ನಿಮ್ಮ ತಿಳಿವಳಿಕೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಹೋದ್ಸಲದ ಗೆಸ್ಟು, ನಿದ್ದೆಯಲ್ಲೂ ಸೀ ಸೀ ಅಂತ ಕೇಳಿಸುತ್ತೆ ಅಂತ ಬರ್ದಿದಾರೆ. ಶುಕ್ರವಾರ ಮೂರು ಜನನ್ನ ನಾನೇ ಕರ್ಕೊಂಡು ಬರ್ತೀನಿ. ಮತ್ತೆ ಅದೇ ಆದ್ರೆ ಹಾಸನದಿಂದ ಬೇರೆಯವ್ರನ್ನ ಕರೆಸ್ಬೇಕಾಗುತ್ತೆ."

ಶುಕ್ರವಾರ ಗೆದ್ದರೆ ಮಾರ್ಚ್‌ವರೆಗೆ ಆ ಸಂಸ್ಥೆಯ ಗುಂಪುಗಳೆಲ್ಲ ಚಿಕ್ಕಪ್ಪನಿಗೆ. ಸೋತರೆ ಬಸ್ಸಿಳಿದವರ ಹಿಂದೆ "ಗೈಡ್ ಬೇಕಾ ಸಾರ್" ಎಂದು ಓಡುವ ಹಳೆಯ ಕೆಲಸ. ನಲವತ್ತೊಂಬತ್ತರ ಅವರ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ.

ನಾನು ಅರಸೀಕೆರೆಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಭಾನುವಾರ ಬಂದು ಅವರಿಗೊಂದು ಕೋಷ್ಟಕ ಬರೆದುಕೊಟ್ಟೆ. ಎಡಗಡೆ ನೋಡುವುದಕ್ಕಿರುವ ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳು. ಬಲಗಡೆ ಮೂರು ಅಂಕಣಗಳಲ್ಲಿ, ಎಷ್ಟು ಹೊತ್ತು ನೋಡುವುದು, ಬೇಕೆಂದು ನೋಡುವುದೋ ತಾನಾಗಿ ಕಣ್ಣಿಗೆ ಬೀಳುವುದೋ, ಮರ್ಯಾದೆಯೋ ಅಲ್ಲವೋ. ಗ್ಲಾನ್ಸ್ ಎಂದರೆ ಒಂದು ಕ್ಷಣ. ಗೇಜ್ ಎಂದರೆ ಮೈಮರೆತು. ಸ್ಟೇರ್ ಎಂದರೆ ಎದುರಿನವರಿಗೆ ಮುಜುಗರವಾಗುವಷ್ಟು. ಪೀಪ್ ಎಂದರೆ ಬಾಗಿಲ ಸಂದಿಯಿಂದ. ಇಷ್ಟು ಅಚ್ಚುಕಟ್ಟಾದ ಕೋಷ್ಟಕವನ್ನು ನಾನು ಯಾವ ವಿದ್ಯಾರ್ಥಿಗೂ ಕೊಟ್ಟಿರಲಿಲ್ಲ.

ಗುರುವಾರ ಸಂಜೆ ಮತ್ತೆ ಬಂದಾಗ ಕೋಷ್ಟಕದ ಬಲಗಡೆಯ ಮೂರು ಅಂಕಣಗಳೇ ಇರಲಿಲ್ಲ. ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು.

"ಅರ್ಥ ಎಲ್ಲಿ ಹೋಯ್ತು ಚಿಕ್ಕಪ್ಪ?"

"ಅರ್ಥ ಕೇಳ್ಕೊಂಡು ಯಾರಾದ್ರೂ ಆಚಮನ ಮಾಡ್ತಾರೇನೇ? ಕೇಶವ ಅಂದ್ರೂ ಅವನೇ, ಮಾಧವ ಅಂದ್ರೂ ಅವನೇ. ಇಪ್ಪತ್ನಾಲ್ಕು ನಾಮ, ಇಪ್ಪತ್ನಾಲ್ಕು ಪದ. ನೀನು ಸರಿಯಾಗಿ ಎಣಿಸಿ ಕೊಟ್ಟಿದೀಯ ಕಣೇ!"

ನಾನು ಎಣಿಸಿರಲಿಲ್ಲ. ಹಾಳೆಯಲ್ಲಿ ಅಷ್ಟೇ ಸಾಲುಗಳಿದ್ದವು.

ಸಂಧ್ಯಾವಂದನೆಗೆ ಮೊದಲು ಮಾಡುವ ಆಚಮನದಲ್ಲಿ ವಿಷ್ಣುವಿನ ಇಪ್ಪತ್ನಾಲ್ಕು ಹೆಸರು ಹೇಳುತ್ತಾರೆ. ಮೊದಲ ಮೂರಕ್ಕೆ ಅಂಗೈಯಿಂದ ನೀರು ಕುಡಿಯುವುದು. ಮುಂದೆ ಒಂದೊಂದು ಹೆಸರಿಗೂ ತುಟಿ, ಕೆನ್ನೆ, ಪಾದ, ಮೂಗು, ಕಿವಿ, ಭುಜ ಎಂದು ಮೈಯ ಒಂದೊಂದು ಜಾಗ ಮುಟ್ಟುವುದು. ಎಂಟನೆಯ ವಯಸ್ಸಿನಿಂದ ಮಾಡುತ್ತಿದ್ದ ಆ ದಾರಿಯಲ್ಲೇ ಚಿಕ್ಕಪ್ಪ ನಾಲ್ಕು ದಿನದಲ್ಲಿ ಎಲ್ಲ ಪದಗಳನ್ನೂ ಬಾಯಿಪಾಠ ಮಾಡಿದ್ದರು. ಸೀ, ಲುಕ್, ವಾಚ್ ಮೂರಕ್ಕೂ ನೀರು. ಸ್ಟೇರ್‌ಗೆ ಬಲಗೆನ್ನೆ, ಗ್ಲಾನ್ಸ್‌ಗೆ ಎಡಗೆನ್ನೆ.

"ಮುಟ್ಟದೆ ಹೇಳಿ ನೋಡೋಣ," ಎಂದೆ.

ಬಾಯಿ ತೆರೆದರು. ಏನೂ ಬರಲಿಲ್ಲ. ಕೈ ತಾನಾಗಿ ಕೆನ್ನೆಗೆ ಹೋಯಿತು. "ಸ್ಟೇರ್" ಎಂದು ಪದ ಹೊರಬಿತ್ತು.

"ನಡುವಿಂದ ಕೇಳಿದ್ರೆ?"

"ನಡುವಿಂದ ಹೇಗೆ ಬರುತ್ತೇ? ಮೊದಲಿಂದಲೇ ಬರ್ಬೇಕು."

ಅಡುಗೆಮನೆಯಿಂದ ಚಿಕ್ಕಮ್ಮ ಹಂಸಾ, "ನಾಲ್ಕು ದಿನದಿಂದ ಮನೇಲಿ ನೀರು ಖರ್ಚಾಗ್ತಿರೋದು ನೋಡು. ಬಿಂದಿಗೆಗಟ್ಟಲೆ ಇಂಗ್ಲಿಷ್ ಕುಡಿದಿದಾರೆ," ಎಂದರು.

ಶುಕ್ರವಾರ ಹತ್ತು ಗಂಟೆಗೆ ನಟರಾಜ್ ಮೂವರು ವಿದೇಶಿ ಅತಿಥಿಗಳೊಂದಿಗೆ ಬಂದರು: ಅತ್ತೆ, ಮಗಳು, ಅಳಿಯ. ಅತ್ತೆಗೆ ಎಂಬತ್ತರ ಹತ್ತಿರ, ಕೊರಳಲ್ಲಿ ದುರ್ಬೀನು. ನಾನು ಎರಡು ಹೆಜ್ಜೆ ಹಿಂದೆ ನಿಂತೆ.

ಚಿಕ್ಕಪ್ಪ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ಕುಡಿದು, "ಸೀ ದಿ ಗೋಪುರ" ಎಂದರು. ಇನ್ನೊಂದು ಗುಟುಕು. "ಲುಕ್ ದಿ ಗರುಡ." ಮತ್ತೊಂದು. "ವಾಚ್ ದಿ ಪಿಲ್ಲರ್." ಕಲ್ಲಿನ ಕಂಬ ಏನು ಮಾಡೀತೆಂದು ಅಳಿಯ ಸ್ವಲ್ಪ ಹೊತ್ತು ಕಾದ. ಅತ್ತೆ ಮಾತ್ರ ಚೀಲದಿಂದ ಬಾಟಲಿ ತೆಗೆದು ಅಂಗೈಯಲ್ಲಿ ಮೂರು ಸಲ ನೀರು ಕುಡಿದರು. ಇದು ಇಲ್ಲಿಯ ಪದ್ಧತಿ ಎಂದುಕೊಂಡರು. ಮಗಳೂ ಅಳಿಯನೂ ಕುಡಿದರು.

ಅಲ್ಲಿಂದ ಮುಂದೆ ನಾಲ್ವರೂ ಒಟ್ಟಿಗೆ ಮುಟ್ಟಿಕೊಳ್ಳತೊಡಗಿದರು. ಸಿಂಹವನ್ನು ಗೇಜ್ ಮಾಡುವಾಗ ನಾಲ್ಕು ಬೆರಳು ನಾಲ್ಕು ತುಟಿಯ ಮೇಲೆ. ಮದನಿಕೆಯನ್ನು ಸ್ಟೇರ್ ಮಾಡುವಾಗ ಬಲಗೆನ್ನೆ. ಆಗ ಅಳಿಯ, ದೇವಸ್ಥಾನಕ್ಕೆ ಎಷ್ಟು ವರ್ಷ ಎಂದು ಕೇಳಿಬಿಟ್ಟ. "ನೈನ್ ಹಂಡ್ರೆಡ್," ಎಂದ ಚಿಕ್ಕಪ್ಪನಿಗೆ ದಾರಿ ತಪ್ಪಿತು. ಮೊದಲಿನಿಂದ ಬರಬೇಕಾಯಿತು. ಮೂರು ಗುಟುಕು ನೀರು, ಕೈ, ಕೈ, ತುಟಿ, ತುಟಿ, ಕೆನ್ನೆ; ಪದಗಳನ್ನು ಬಾಯೊಳಗೇ ಹೇಳಿಕೊಂಡು, ಎಲ್ಲ ಹತ್ತು ಸೆಕೆಂಡಿನಲ್ಲಿ. ಅತ್ತೆ ಒಂದು ಗುಟುಕು ಹಿಂದೆ ಬಿದ್ದರು.

ಆನೆಗಳ ಸಾಲಿನ ಮುಂದೆ ಚಿಕ್ಕಪ್ಪ ಪಾದ ಮುಟ್ಟಿ, "ಇನ್‌ಸ್ಪೆಕ್ಟ್ ದಿ ಎಲಿಫೆಂಟ್" ಎಂದರು. ಮೂವರೂ ಬಗ್ಗಿದರು. ಅದೇ ಹೊತ್ತಿಗೆ ಬಂದ ಕಣಕಟ್ಟೆಯ ಗುಂಪಿನ ಅಜ್ಜಿಯೊಬ್ಬರು, "ಏನ್ ಭಕ್ತಿನವ್ವಾ ಇವ್ರ್ದು, ಆನೆಗೂ ನಮಸ್ಕಾರ ಮಾಡ್ತಾವ್ರೆ," ಎಂದು ತಾವೂ ಮಾಡಿದರು.

ನಟರಾಜ್ ನನ್ನ ಪಕ್ಕಕ್ಕೆ ಸರಿದರು. "ಏನ್ರೀ ಇದು, ಯೋಗಾನಾ?"

"ವೊಕ್ಯಾಬುಲರಿ ಸಾರ್."

ಅವರು ಪುಸ್ತಕದಲ್ಲಿ ಏನೋ ಬರೆದು ಅಡಿಗೆರೆ ಎಳೆದರು. ಚಿಕ್ಕಪ್ಪನ ಕೆಲಸ ಹೋಯಿತು ಎನಿಸಿತು ನನಗೆ.

ಅದಕ್ಕಿಂತ ಕೆಟ್ಟದ್ದು ಪಶ್ಚಿಮದ ಗೋಡೆಯ ಬಳಿ ಆಯಿತು. ಚಿಕ್ಕಪ್ಪ ಎಡ ಭುಜ ಮುಟ್ಟಿ ಇಪ್ಪತ್ನಾಲ್ಕನೆಯದನ್ನು ಹೇಳಿ ಮುಗಿಸಿದರು. ಇನ್ನೂ ಅರ್ಧ ದೇವಸ್ಥಾನ ಬಾಕಿ. ಮೊದಲಿನಿಂದ ಶುರುಮಾಡಿದರೆ ಮತ್ತೆ ಸೀ ಎನ್ನಬೇಕು. ಅದು ನಟರಾಜ್ ಬೇಡವೆಂದಿದ್ದ ಪದ. ಚಿಕ್ಕಪ್ಪ ಕೈ ಕಟ್ಟಿದರು, ಬಾಯಿ ಮುಚ್ಚಿದರು, ಸುಮ್ಮನೆ ಮುಂದೆ ನಡೆದರು.

ಒಂದು ನಿಮಿಷ. ಮೂರು ನಿಮಿಷ. ಎಲ್ಲಾದರೂ ನಿಲ್ಲುವರು, ಕಲ್ಲಿನತ್ತ ಮುಖ ಮಾಡುವರು, ಮುಂದೆ ಹೋಗುವರು. ಅವರು ನಿಂತಲ್ಲಿ ಅತಿಥಿಗಳೂ ನಿಂತರು. ಮುಟ್ಟಲು ಏನೂ ಇಲ್ಲದ್ದರಿಂದ ಅವರ ಕೈಗಳೂ ಇಳಿದವು. ಒಂಬತ್ತನೆಯ ನಿಮಿಷಕ್ಕೆ, ಮೇಲಿನ ಮದನಿಕೆಯ ಪಕ್ಕಕ್ಕೆ ದುರ್ಬೀನು ಹಿಡಿದಿದ್ದ ಅತ್ತೆ ಕಿರುಚಿದರು. ಹಣ್ಣಿನ ಮೇಲೆ ಕಲ್ಲಿನದೊಂದು ನೊಣ, ಅದರತ್ತ ಹೊಂಚು ಹಾಕಿದ ಕಲ್ಲಿನ ಹಲ್ಲಿ. ಅವರೇ ಕಂಡುಹಿಡಿದಿದ್ದರು. "ಲುಕ್! ಲುಕ್!"

ಚಿಕ್ಕಪ್ಪ ಗಾಬರಿಯಾಗಿ, "ನಂಬರ್ ಟೂ, ಮೇಡಂ. ಫಿನಿಶ್ಡ್," ಎಂದರು.

ಅತ್ತೆಗೆ ಅದು ಕೇಳಿಸಲೇ ಇಲ್ಲ. ಮಗಳ ತಲೆ ಹಿಡಿದು ಮೇಲಕ್ಕೆ ತಿರುಗಿಸುತ್ತಿದ್ದರು. ನಲವತ್ತು ನಿಮಿಷ ಮೂವರೂ ಆ ಗೋಡೆ ಬಿಟ್ಟು ಕದಲಲಿಲ್ಲ.

ಅವರು ಚಪ್ಪಲಿ ಹಾಕಿಕೊಳ್ಳುವಾಗ ನಟರಾಜ್ ಚಿಕ್ಕಪ್ಪನ ಹತ್ತಿರ ಬಂದರು. "ಹನ್ನೆರಡು ವರ್ಷದಿಂದ ಈ ವ್ಯವಹಾರದಲ್ಲಿದೀನಿ ರಘುರಾಮ್. ಬಾಯಿ ಮುಚ್ಚಿದ ಗೈಡನ್ನ ಇವತ್ತೇ ನೋಡಿದ್ದು. ಆ ಅಮ್ಮ ಏನಂದ್ರು ಗೊತ್ತಾ? ನಾನು ಹುಡುಕಲಿ ಅಂತ ಬೇಕೂಂತಲೇ ಬಿಟ್ಟ, ದೊಡ್ಡ ಮೇಷ್ಟ್ರು ಅಂದ್ರು. ಮಾರ್ಚ್‌ವರೆಗೆ ನೀವೇ. ಮೊದಲರ್ಧ ಮಾತು, ಎರಡನೇ ಅರ್ಧ ಹೀಗೇ. ನಾಳಿದ್ದು ಹಳೇಬೀಡಿಗೂ ಬನ್ನಿ."

ಚಿಕ್ಕಪ್ಪ ಕೈ ಮುಗಿದರು. ಕಾರು ಹೋದ ಮೇಲೆ ನನ್ನ ಕಡೆ ತಿರುಗಿದ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ.

"ಹಿತಾ, ಹಳೇಬೀಡಿಗೆ ಬೇರೆ ಪಟ್ಟಿ ಬರ್ಕೊಡೇ."

"ಯಾಕೆ? ಇದೇ ನಡೆಯುತ್ತಲ್ಲ."

"ಹೇಗೇ ನಡೆಯುತ್ತೆ? ಇವೆಲ್ಲ ಕೇಶವಂದು. ಅಲ್ಲಿರೋನು ಈಶ್ವರ. ಅವನ ಎದುರಿಗೆ ನಿಂತು ಇವನ್ನ ಹೇಳಿದ್ರೆ ಏನಂದ್ಕೊಂಡಾನು?"

ನಾನು ಜೋಳಿಗೆಯಿಂದ ಹಾಳೆ ತೆಗೆದು, ಈ ಸಲ ಅರ್ಥದ ಅಂಕಣಗಳನ್ನು ಎಳೆಯದೆ, ಒಂದರಿಂದ ನೂರೆಂಟರವರೆಗೆ ಸಂಖ್ಯೆ ಹಾಕತೊಡಗಿದೆ.